ದಂತವಿಮಾ ಮೀಮಾಂಸೆ: ಪಾಣೆಮಂಗಳೂರು ಪಾಠ

ಪ್ರಸ್ತಾವನೆ

ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ವಿದ್ವಾಂಸರು ಇದುವರೆಗೆ ವಿಧಿಯ ಕ್ರೌರ್ಯದ ನಿದರ್ಶನವೆಂದೇ ಓದಿಕೊಂಡು ಬಂದಿದ್ದಾರೆ. ನಮ್ಮ ಮತದಲ್ಲಿ ಅದು ಕನ್ನಡದ ಮೊತ್ತಮೊದಲ ವಿಮಾ ಷರತ್ತು. ಹಲ್ಲು ಮತ್ತು ಕಡಲೆ ಒಂದೇ ಕಾಲದಲ್ಲಿ ಒಂದೇ ಫಲಾನುಭವಿಯ ಬಳಿ ಇರತಕ್ಕದ್ದಲ್ಲ ಎಂಬ ವಿಧಿಯನ್ನು ಇಷ್ಟು ಅಡಕವಾಗಿ ಬರೆದ ಆ ಅಜ್ಞಾತ ಕರ್ತೃ ಇಂದು ಬದುಕಿದ್ದರೆ ಯಾವುದಾದರೂ ವಿಮಾ ಕಂಪೆನಿಯಲ್ಲಿ ದೊಡ್ಡ ಹುದ್ದೆಯಲ್ಲಿ ಇರುತ್ತಿದ್ದ. ಅವನ ಹಲ್ಲಿನ ಖರ್ಚನ್ನು ಕಂಪೆನಿಯೇ ನೋಡಿಕೊಳ್ಳುತ್ತಿತ್ತೋ ಎಂಬುದು ಬೇರೆ ಪ್ರಶ್ನೆ.

ಪ್ರಸ್ತುತ ಪ್ರಬಂಧದ ಕ್ಷೇತ್ರ ನೇತ್ರಾವತಿಯ ದಂಡೆಯ ಪಾಣೆಮಂಗಳೂರು. ಅಗತ್ಯ ಬಿದ್ದಾಗ ಸೇತುವೆ ದಾಟಿ ಬಿ.ಸಿ. ರೋಡಿಗೂ, ಅಲ್ಲಿಂದ ಬೆಳ್ತಂಗಡಿ, ಮೂಡುಬಿದಿರೆಗಳಿಗೂ ಹೋಗಿಬರಲಾಗಿದೆ. ಕಾಲವ್ಯಾಪ್ತಿ: ದವಡೆಹಲ್ಲು ನೋಯತೊಡಗಿದ ರಾತ್ರಿಯಿಂದ ಕ್ಲೇಮು ತಿರಸ್ಕೃತವಾದ ಬೆಳಗಿನವರೆಗೆ. ಸಂಶೋಧನಾ ಪ್ರಶ್ನೆ ಒಂದೇ. ಹುಳುಕು ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ ಮೇಲೊಂದು ಕ್ಯಾಪ್ ಹಾಕಿಸಿದರೆ ಆರೋಗ್ಯವಿಮೆಯಿಂದ ದುಡ್ಡು ಸಿಗುತ್ತದೆಯೇ?

ಮೇಲ್ಕಾರಿನ ಹೋಟೆಲೊಂದರಲ್ಲಿ ಈ ಪ್ರಶ್ನೆಯನ್ನು ಮುಂದಿಟ್ಟಾಗ, ಚಹಾ ತಂದವರು ಲೋಟ ಮೇಜಿಗೆ ಮುಟ್ಟುವ ಮೊದಲೇ, "ಎಂತ ಸಿಕ್ಕುದು ಮಾರಾಯ್ರೆ, ಹಲ್ಲಿಗೆಲ್ಲ ಎಂತದೂ ಇಲ್ಲ" ಎಂದರು. ಉತ್ತರ ಹೆಚ್ಚುಕಡಿಮೆ ಸರಿಯೇ ಇದೆ. ಆದರೆ ಒಂದು ವಾಕ್ಯದ ಸತ್ಯಕ್ಕೆ ಯಾವ ವಿಶ್ವವಿದ್ಯಾನಿಲಯವೂ ಪದವಿ ಕೊಡುವುದಿಲ್ಲವಾದ್ದರಿಂದ ಇಷ್ಟು ಬರೆಯಬೇಕಾಯಿತು.

ಕ್ಷೇತ್ರಲಕ್ಷಣ

ದಂತಶಾಸ್ತ್ರದ ಕಣ್ಣಿನಿಂದ ನೋಡಿದರೆ ಇದು ಫಲವತ್ತಾದ ಸೀಮೆ. ಕೋರಿರೊಟ್ಟಿ, ಚಕ್ಕುಲಿ, ಹುರಿದ ಹಲಸಿನ ಬೀಜ, ಇವೆಲ್ಲ ಹಲ್ಲನ್ನು ಪರೀಕ್ಷಿಸಲೆಂದೇ ಹುಟ್ಟಿದ ತಿಂಡಿಗಳು. ಎಲ್ಲಕ್ಕೂ ಮೇಲೆ ಅಡಿಕೆ. ದಶಕಗಟ್ಟಲೆ ಎಲೆಯಡಿಕೆ ಜಗಿದವರ ದವಡೆಹಲ್ಲು ಸವೆದು ಚಪ್ಪಟೆಯಾಗುತ್ತದೆ, ಬಿರುಕು ಬಿಡುತ್ತದೆ ಎಂಬುದು ದಂತವೈದ್ಯರ ಪುಸ್ತಕಗಳಲ್ಲೂ ಇದೆ, ಬಂಟ್ವಾಳದ ಹಿರಿಯರ ಬಾಯಲ್ಲೂ ಇದೆ.

ಇಲ್ಲೊಂದು ತಾತ್ತ್ವಿಕ ತೊಡಕು ಎದುರಾಗುತ್ತದೆ. ಅಡಿಕೆಗೆ ವಿಮೆ ಉಂಟು. ಹವಾಮಾನ ಆಧಾರಿತ ಬೆಳೆವಿಮೆಯಲ್ಲಿ ದಕ್ಷಿಣ ಕನ್ನಡದ ಅಡಿಕೆಯೂ ಕಾಳುಮೆಣಸೂ ಸೇರಿವೆ. ಕೃಷಿಕ ವಿಮಾ ಮೊತ್ತದ 5 ಶೇಕಡಾ ಕಟ್ಟಿದರೆ ಮಿಕ್ಕದ್ದು ಸರಕಾರಗಳ ಪಾಲು. ಮಳೆ ಹೆಚ್ಚಾಯಿತೇ, ಬಿಸಿಲು ಏರಿತೇ ಎಂದು ಹವಾಮಾನದ ಯಂತ್ರ ಹೇಳುತ್ತದೆ. ಪರಿಹಾರ ಬ್ಯಾಂಕು ಖಾತೆಗೆ ಬರುತ್ತದೆ. ಕೊಳೆರೋಗ ಬಂದ ಮರ ಎಷ್ಟು ಗಂಟೆ ಆಸ್ಪತ್ರೆಯಲ್ಲಿ ಮಲಗಿತ್ತು ಎಂದು ಯಾರೂ ಕೇಳುವುದಿಲ್ಲ. ಆದರೆ ಅದೇ ಮರದ ಫಲವನ್ನು ಮೂವತ್ತು ವರ್ಷ ನಿಷ್ಠೆಯಿಂದ ಜಗಿದ ಹಲ್ಲು ಕೊಳೆತರೆ ಈ ಸೌಜನ್ಯ ಸಿಗುವುದಿಲ್ಲ.

ಆದ್ದರಿಂದ ಪ್ರತಿ ಗ್ರಾಮ ಪಂಚಾಯತಿನಲ್ಲೂ ಮಳೆಮಾಪಕದ ಪಕ್ಕದಲ್ಲಿ ಒಂದು ದಂತಮಾಪಕ ನೆಡಬೇಕೆಂದು ನಾವು ಸೂಚಿಸುತ್ತೇವೆ. ಗ್ರಾಮದಲ್ಲಿ ಚಕ್ಕುಲಿ ಮುರಿಯುವ ಸದ್ದು ವಾಡಿಕೆಗಿಂತ ಐದನೇ ಒಂದಂಶ ಕಡಿಮೆಯಾದೊಡನೆ ಆ ಪಂಚಾಯತಿನ ಎಲ್ಲ ಬಾಯಿಗಳಿಗೂ ಪರಿಹಾರ ಜಮೆಯಾಗತಕ್ಕದ್ದು. ಅಷ್ಟಮಿ, ಚೌತಿಯ ವಾರಗಳನ್ನು ಲೆಕ್ಕದಿಂದ ಬಿಡಬೇಕು.

ಮೂಲಗ್ರಂಥ ವಿಚಾರ

ಈ ಶಾಸ್ತ್ರದ ಮೂಲಗ್ರಂಥ ಪಾಲಿಸಿ. ಕರ್ತೃ ಅಜ್ಞಾತ. ಭಾಷೆ ಇಂಗ್ಲಿಷನ್ನು ಹೋಲುತ್ತದೆ. ಕಾಲದ ಬಗ್ಗೆ ಮಾತ್ರ ಗೊಂದಲವಿಲ್ಲ. ಸರಕಾರಿ ವಿಮಾ ಕಂಪೆನಿಗಳು ಮೆಡಿಕ್ಲೈಮ್ ಎಂಬ ಪಾಲಿಸಿಯನ್ನು ಹೊರತಂದದ್ದು 1986ರಲ್ಲಿ. ಆಸ್ಪತ್ರೆ ವಾಸ ಅಗತ್ಯವಾಗದ ಯಾವ ದಂತಚಿಕಿತ್ಸೆಗೂ ಹಣವಿಲ್ಲ ಎಂಬ ನಿಷೇಧಸೂತ್ರ ಆ ಪರಂಪರೆಯದ್ದು. ಅನಂತರ ಬಂದ ಕಂಪೆನಿಗಳು ತಮ್ಮ ತಮ್ಮ ಪಾಠಾಂತರಗಳನ್ನು ಬರೆದುಕೊಂಡವು. ಅಕ್ಷರಗಳ ಗಾತ್ರ ಕಿರಿದಾಗುತ್ತ ಬಂದದ್ದನ್ನು ಬಿಟ್ಟರೆ ತಾತ್ಪರ್ಯದಲ್ಲಿ ವ್ಯತ್ಯಾಸ ಅಲ್ಪ.

ಈ ಸಂದರ್ಭದಲ್ಲಿ ಮೂಡುಬಿದಿರೆಯನ್ನು ನೆನೆಯದಿರಲು ಸಾಧ್ಯವಿಲ್ಲ. ವೀರಸೇನಾಚಾರ್ಯರ ಧವಲಾ ಟೀಕೆಯ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಅಲ್ಲಿಯ ಬಸದಿಯಲ್ಲಿ ಸುರಕ್ಷಿತವಾಗಿದ್ದವು. ಭಕ್ತರು ಅವುಗಳ ದರ್ಶನ ಮಾಡುತ್ತಿದ್ದರು, ಓದುವ ಭಾಗ್ಯ ಯಾರಿಗೂ ಇರಲಿಲ್ಲ. ಅವು ಅಚ್ಚಾಗಿ ಹೊರಬರತೊಡಗಿದ್ದು 1939ರಿಂದ. ಪಾಲಿಸಿ ಪುಸ್ತಕವೂ ನಮ್ಮ ಮನೆಗಳಲ್ಲಿ ಸದ್ಯ ದರ್ಶನದ ಹಂತದಲ್ಲೇ ಇದೆ. ಕಪಾಟಿನಲ್ಲಿ, ಜಾಗದ ಪಟ್ಟೆಯ ಅಡಿಯಲ್ಲಿ.

ನಿಯಂತ್ರಣ ಪ್ರಾಧಿಕಾರ, ಅಂದರೆ ಐ.ಆರ್.ಡಿ.ಎ.ಐ., ಎಲ್ಲ ಕಂಪೆನಿಗಳಿಗೂ ಒಂದೇ ಲಕ್ಷಣಪಾಠವನ್ನು ನಿಗದಿ ಮಾಡಿಕೊಟ್ಟಿದೆ. ಅದರಲ್ಲಿ ದಂತಚಿಕಿತ್ಸೆಗೂ ಒಂದು ಲಕ್ಷಣ ಉಂಟು: ಹಲ್ಲಿಗೆ ಮತ್ತು ಹಲ್ಲನ್ನು ಹಿಡಿದಿರುವ ಭಾಗಗಳಿಗೆ ಸಂಬಂಧಿಸಿದ ಚಿಕಿತ್ಸೆ; ಪರೀಕ್ಷೆ, ತುಂಬಿಸುವುದು, ಕ್ಯಾಪ್, ಕೀಳುವುದು, ಶಸ್ತ್ರಕ್ರಿಯೆ ಎಲ್ಲ ಸೇರಿ. ಮೊದಲ ಸಲ ಓದಿದವರ ಕಣ್ಣಲ್ಲಿ ನೀರು ಬರುತ್ತದೆ. ಕ್ಯಾಪನ್ನು ಹೆಸರೆತ್ತಿ ಕರೆದಿದ್ದಾರೆ! ಅಲಂಕಾರಶಾಸ್ತ್ರದಲ್ಲಿ ಲಕ್ಷಣ ಹೇಳುವುದು ವಸ್ತುವನ್ನು ಗುರುತಿಸಲಿಕ್ಕೆ. ವಿಮಾಶಾಸ್ತ್ರದಲ್ಲಿ ಗುರುತಿಸುವುದು ಬಾಗಿಲಲ್ಲೇ ತಡೆಯಲಿಕ್ಕೆ.

ಪೂರ್ವಪಕ್ಷ: ಆ ಪಟ್ಟಿಯಲ್ಲಿ ರೂಟ್ ಕೆನಾಲಿನ ಹೆಸರು ಇಲ್ಲ. ಹೆಸರಿಲ್ಲದ್ದು ದಂತಚಿಕಿತ್ಸೆಯಲ್ಲ. ದಂತಚಿಕಿತ್ಸೆಯಲ್ಲವಾದರೆ ದಂತಚಿಕಿತ್ಸೆಯ ನಿಷೇಧ ಅದಕ್ಕೆ ತಗಲುವುದಿಲ್ಲ. ಆದ್ದರಿಂದ ದುಡ್ಡು ಕೊಡಿ.

ಸಿದ್ಧಾಂತ: "ಹಲ್ಲಿಗೆ ಸಂಬಂಧಿಸಿದ" ಎಂಬ ಮಾತಿನ ಬಾಯಿ ಬಹಳ ದೊಡ್ಡದು, ಅದರೊಳಗೆ ರೂಟ್ ಕೆನಾಲ್ ಆರಾಮವಾಗಿ ಹಿಡಿಸುತ್ತದೆ. ದುಡ್ಡು ಇಲ್ಲ.

ಆಸ್ಪತ್ರೆ ಪದಾರ್ಥ ನಿರೂಪಣೆ

ಹಾಗಾದರೆ ಆಸ್ಪತ್ರೆಗೆ ಸೇರಿಬಿಟ್ಟರೆ ಆಯಿತಲ್ಲ ಎಂದು ಆತುರದ ಜಿಜ್ಞಾಸು ಕೇಳಬಹುದು. ಹತ್ತು ಲಕ್ಷಕ್ಕಿಂತ ಕಡಿಮೆ ಜನರಿರುವ ಊರಿನಲ್ಲಿ ಆಸ್ಪತ್ರೆ ಎನಿಸಿಕೊಳ್ಳಲು ಕನಿಷ್ಠ 10 ಹಾಸಿಗೆ ಬೇಕು, ದೊಡ್ಡ ಊರಾದರೆ 15. ಹಗಲೂ ರಾತ್ರಿ ದಾದಿಯರು, ವೈದ್ಯರು ಇರಬೇಕು. ಸ್ವಂತ ಶಸ್ತ್ರಕ್ರಿಯಾ ಕೊಠಡಿ ಇರಬೇಕು. ಇನ್ನು ಹಲ್ಲಿನ ಡಾಕ್ಟ್ರ ಕ್ಲಿನಿಕ್ಕಿನಲ್ಲಿ ಇರುವುದೇನು? ಒಂದು ಕುರ್ಚಿ, ಹೆಚ್ಚೆಂದರೆ ಎರಡು. ಆ ಕುರ್ಚಿ ಗುಂಡಿ ಒತ್ತಿದರೆ ಹಿಂದಕ್ಕೆ ಬಾಗುತ್ತದೆ. ರೋಗಿಯ ತಲೆ ಕೆಳಗೆ, ಕಾಲು ಮೇಲೆ ಹೋಗುತ್ತದೆ. ಇಷ್ಟು ಮಲಗಿಸಿದ ಮೇಲೂ ಅದು ಹಾಸಿಗೆಯಾಗುವುದಿಲ್ಲ ಎಂಬಲ್ಲಿ ವಿಮಾಶಾಸ್ತ್ರ ತರ್ಕಶಾಸ್ತ್ರವನ್ನು ಮೀರುತ್ತದೆ.

ಮುಂದಿನ ಸೂತ್ರ ಇನ್ನೂ ಗಹನ. ಆಸ್ಪತ್ರೆ ವಾಸವೆಂದರೆ ಎಡೆಬಿಡದೆ 24 ಗಂಟೆ. ರೂಟ್ ಕೆನಾಲಾದರೋ ಒಂದೆರಡು, ಹೆಚ್ಚೆಂದರೆ ಮೂರು ನಾಲ್ಕು ಸಿಟ್ಟಿಂಗು. ಪಾಣೆಮಂಗಳೂರಿನಿಂದ ದೇರಳಕಟ್ಟೆಯ ದಂತ ಕಾಲೇಜಿಗೆ ಹೋಗುವವರು ಬಸ್ಸು ಕಾದದ್ದು, ಚೀಟಿ ಮಾಡಿಸಲು ಸಾಲಿನಲ್ಲಿ ನಿಂತದ್ದು, ಎಕ್ಸ್‌ರೇಗೆ ಕೂತದ್ದು, ವಿದ್ಯಾರ್ಥಿ ಕೆಲಸ ನಿಲ್ಲಿಸಿ ಮೇಷ್ಟ್ರನ್ನು ಕರೆದುಕೊಂಡು ಬರುವವರೆಗೆ ಬಾಯಿ ತೆರೆದಿಟ್ಟದ್ದು ಎಲ್ಲವನ್ನೂ ಕೂಡಿಸಿದರೆ 24 ಗಂಟೆ ಸುಲಭವಾಗಿ ದಾಟುತ್ತದೆ. ಆದರೆ "ಎಡೆಬಿಡದೆ" ಎಂಬ ಒಂದು ಪದ ಇಷ್ಟೂ ತಪಸ್ಸನ್ನು ವ್ಯರ್ಥ ಮಾಡುತ್ತದೆ. ಹಾಗಿದ್ದರೆ ಡೇ ಕೇರ್? 24 ಗಂಟೆಗಿಂತ ಬೇಗ ಮುಗಿಯುವ ಚಿಕಿತ್ಸೆಗಳಿಗೂ ಹಣ ಕೊಡುವ ಸೂತ್ರ ಅದು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದಾರೆ, ಬೇಗ ಮುಗಿದಿದೆ, ಇನ್ನೇನು ಬೇಕು? ಆ ಸೂತ್ರದ ಬಾಲದಲ್ಲಿ, ಸಾಮಾನ್ಯವಾಗಿ ಹೊರರೋಗಿಯಾಗಿ ಪಡೆಯುವ ಚಿಕಿತ್ಸೆ ಇದರಲ್ಲಿ ಸೇರತಕ್ಕದ್ದಲ್ಲ ಎಂದಿದೆ.

ಇನ್ನೊಂದು ಸೂಕ್ಷ್ಮವನ್ನು ಹಿಂದಿನ ಭಾಷ್ಯಕಾರರು ಗಮನಿಸಿದಂತಿಲ್ಲ. ವೈದ್ಯನೆಂದರೆ ಯಾರು ಎಂದು ಹೇಳುವ ಲಕ್ಷಣದಲ್ಲಿ ವೈದ್ಯಕೀಯ ಪರಿಷತ್ತು ಇದೆ, ಭಾರತೀಯ ವೈದ್ಯಪದ್ಧತಿಯ ಪರಿಷತ್ತು ಇದೆ, ಹೋಮಿಯೋಪತಿಯ ಪರಿಷತ್ತೂ ಇದೆ. 1948ರ ದಂತವೈದ್ಯರ ಕಾಯಿದೆಯಡಿ ಹುಟ್ಟಿದ ದಂತ ಪರಿಷತ್ತಿನ ಹೆಸರು ಮಾತ್ರ ಕಾಣುವುದಿಲ್ಲ. ಅಂದರೆ ಹಾಸಿಗೆಯಲ್ಲದ ಕುರ್ಚಿಯಲ್ಲಿ, ಆಸ್ಪತ್ರೆಯಲ್ಲದ ಕೋಣೆಯಲ್ಲಿ, ಲಕ್ಷಣಕ್ಕೆ ಸಿಗದ ವೈದ್ಯರು ಮಾಡುವ ಚಿಕಿತ್ಸೆ ಇದು. ಶಂಕರಾಚಾರ್ಯರಾದರೂ ಜಗತ್ತನ್ನು ಇಷ್ಟು ಪೂರ್ತಿಯಾಗಿ ಮಿಥ್ಯೆ ಎನ್ನಲಿಲ್ಲ. ನೋವು ಮಾತ್ರ ನಿಜ.

ಪೌರಾಣಿಕ ಕ್ಲೇಮುಗಳು

ಅಪಘಾತದಿಂದ ಹಲ್ಲು ಹೋದರೆ ಕಥೆ ಬೇರೆ ಎಂದು ಏಜೆಂಟರು ಹೇಳುವುದುಂಟು. ಅಪಘಾತವೆಂದರೆ ಹಠಾತ್ತಾಗಿ, ಅನಿರೀಕ್ಷಿತವಾಗಿ, ತನ್ನ ಇಚ್ಛೆಯಿಲ್ಲದೆ, ಹೊರಗಿನಿಂದ ಬಂದ, ಕಣ್ಣಿಗೆ ಕಾಣುವ, ಬಲವಾದ ಪೆಟ್ಟು. ಈ ಲಕ್ಷಣವನ್ನು ನಮ್ಮ ಪರಂಪರೆಯ ಮೇಲೆ ಪ್ರಯೋಗಿಸಿ ನೋಡುವುದು ಉಚಿತ.

ಮೊದಲನೆಯ ಅರ್ಜಿದಾರ ಪೂಷನ್. ವೇದಕಾಲದ ಈ ದೇವತೆಗೆ ಹಲ್ಲಿಲ್ಲ. ಆದ್ದರಿಂದಲೇ ಅವನಿಗೆ ಹಿಟ್ಟಿನ ನೈವೇದ್ಯ. ಹಲ್ಲು ಹೋದ ಬಗೆಯಲ್ಲಿ ಎರಡು ಪಾಠಗಳಿವೆ. ಪುರಾಣದ ಪ್ರಕಾರ ದಕ್ಷಯಜ್ಞದಲ್ಲಿ ವೀರಭದ್ರ ಉದುರಿಸಿದ್ದು. ಹೊರಗಿನಿಂದ ಬಂದದ್ದು, ಕಣ್ಣಿಗೆ ಕಂಡದ್ದು, ಬಲವಾದದ್ದು, ಎಲ್ಲವೂ ಸಿದ್ಧ; ಕ್ಲೇಮು ಗ್ರಾಹ್ಯ. ವೈದಿಕ ಪಾಠದ ಪ್ರಕಾರ ಯಜ್ಞದ ಹವಿಸ್ಸಿನ ತುಣುಕನ್ನು ಕಚ್ಚಿದಾಗ ಮುರಿದದ್ದು. ಕಚ್ಚಿದವನು ತಾನೇ ಆದ್ದರಿಂದ ಅಗ್ರಾಹ್ಯ. ಹಲ್ಲು ಹೋದವರು ಶ್ರುತಿಗಿಂತ ಪುರಾಣವನ್ನು ನೆಚ್ಚುವುದು ಲಾಭಕರ.

ಎರಡನೆಯ ಪ್ರಕರಣ ಏಕದಂತನದ್ದು. ಇದು ನಮ್ಮ ಕರಾವಳಿಗೆ ನೇರ ಸಂಬಂಧಪಟ್ಟದ್ದು, ಏಕೆಂದರೆ ಪ್ರತಿವಾದಿ ಪರಶುರಾಮ, ಈ ನೆಲವನ್ನು ಸಮುದ್ರದಿಂದ ಬಿಡಿಸಿಕೊಟ್ಟವನು. ಮಹಾಭಾರತ ಬರೆಯಲು ಗಣಪತಿ ತಾನೇ ದಂತ ಮುರಿದುಕೊಂಡ ಎಂಬ ಕಥೆಯನ್ನು ಕ್ಲೇಮು ಫಾರ್ಮಿನಲ್ಲಿ ಬರೆದರೆ ಸ್ವಯಂಕೃತ ಗಾಯವೆಂದು ವಾಪಸು ಬರುತ್ತದೆ. ಚಂದ್ರನಿಗೆ ಎಸೆಯಲು ಮುರಿದ ಎಂದರೂ ಅದೇ ಗತಿ. ಉಳಿಯುವುದು ಪರಶುವಿನ ಏಟು. ಇದು ಗೆಲ್ಲಬಹುದಾದ ಕೇಸು. ಆದರೆ ಕೊಡಲಿ ತಂದೆ ಕೊಟ್ಟದ್ದೆಂದು ಗುರುತಿಸಿ, ಅದರ ಮಾನ ಕಾಯಲು ಗಣಪತಿ ಬೇಕೆಂದೇ ದಂತವೊಡ್ಡಿದ ಎಂದು ಪುರಾಣಕಾರರು ಒಂದು ಸಾಲು ಸೇರಿಸಿಬಿಟ್ಟಿದ್ದಾರೆ. "ತನ್ನ ಇಚ್ಛೆಯಿಲ್ಲದೆ" ಎಂಬ ಅಂಶ ಅಲ್ಲಿಗೆ ಬಿದ್ದುಹೋಯಿತು. ಕಂಪೆನಿಯ ಪರವಾಗಿ ಕ್ಲೇಮು ಪರಿಶೀಲಿಸುವ ಟಿ.ಪಿ.ಎ. ಕಚೇರಿಯವರು ಅಷ್ಟನ್ನೇ ಕೆಂಪು ಗೆರೆ ಎಳೆದು ಕಳಿಸುತ್ತಾರೆ.

ಲೌಕಿಕದಲ್ಲಿ ಬೈಕಿನಿಂದ ಬಿದ್ದು ದವಡೆ ಮುರಿದು ಆಸ್ಪತ್ರೆಯಲ್ಲಿ ಮಲಗಿದವರಿಗೆ ದವಡೆಯ ಶಸ್ತ್ರಕ್ರಿಯೆಗೆ ಹಣ ಬರುತ್ತದೆ. ತಿಂಗಳ ಮೇಲೆ ಹಾಕಿಸುವ ಕ್ಯಾಪಿಗೆ ಬರುವುದು ಅಪರೂಪ.

ಆರೋಗ್ಯ ಸಂಜೀವಿನಿ ಪರ್ವ

2020ರ ಏಪ್ರಿಲ್ 1ರಂದು ಎಲ್ಲ ಕಂಪೆನಿಗಳೂ ಒಂದೇ ಬಗೆಯಲ್ಲಿ ಮಾರಬೇಕಾದ ಆರೋಗ್ಯ ಸಂಜೀವಿನಿ ಪಾಲಿಸಿ ಜಾರಿಗೆ ಬಂತು. ರೋಗದಿಂದಲೋ ಗಾಯದಿಂದಲೋ ಅಗತ್ಯವಾದ ದಂತಚಿಕಿತ್ಸೆಗೆ ಖರ್ಚು ಕೊಡಲಾಗುವುದು ಎಂದು ಅದರಲ್ಲಿ ಅಚ್ಚಾಗಿದೆ. ಹುಳುಕು ರೋಗವಲ್ಲವೇ? ರೋಗವೇ. ಹಾಗಾದರೆ ಸಿಕ್ಕಿತೇ? ಆ ಸಾಲು ಯಾವ ಶೀರ್ಷಿಕೆಯ ಅಡಿಯಲ್ಲಿ ಇದೆ ಎಂದು ತಲೆಯೆತ್ತಿ ನೋಡಬೇಕು. ಆಸ್ಪತ್ರೆ ವಾಸದ ಖರ್ಚುಗಳು! ಜಿಜ್ಞಾಸು ಮತ್ತೆ ಹತ್ತು ಹಾಸಿಗೆಗಳ ಪಕ್ಕಕ್ಕೆ ಬಂದು ನಿಲ್ಲುತ್ತಾನೆ.

ಪ್ರಾಮಾಣಿಕವಾಗಿ ಹೇಳಬೇಕಾದ ಅಪವಾದಗಳೂ ಇವೆ. ಕೆಲವು ಪಾಲಿಸಿಗಳಿಗೆ ಹೆಚ್ಚು ಪ್ರೀಮಿಯಂ ಕಟ್ಟಿ ಹೊರರೋಗಿ ಸೌಲಭ್ಯ ಸೇರಿಸಿಕೊಳ್ಳಬಹುದು. ಬೆಂಗಳೂರಿನ ದೊಡ್ಡ ಕಂಪೆನಿಗಳಲ್ಲಿ ಇರುವ ಮಕ್ಕಳ ಗುಂಪು ವಿಮೆಯಲ್ಲಿ ಹಲ್ಲಿಗೆಂದು ವರ್ಷಕ್ಕೆ ಇಂತಿಷ್ಟು ಸಾವಿರ ಎಂಬ ಮಿತಿಯೊಳಗೆ ಕೊಡುವುದುಂಟು. ಇ.ಎಸ್.ಐ. ಇದ್ದವರಿಗೆ ಹೊರರೋಗಿಯಾಗಿಯೇ ಹಲ್ಲು ತೋರಿಸಬಹುದು. ತಿಂಗಳಿಗೆ 21,000 ರೂಪಾಯಿಯೊಳಗಿನ ಸಂಬಳದವರಿಗೆ ಸಿಗುವ ಈ ಸವಲತ್ತು ಸಾವಿರಾರು ರೂಪಾಯಿ ಪ್ರೀಮಿಯಂ ಕಟ್ಟುವ ಧನಿಗಳಿಗೆ ಇಲ್ಲವೆಂಬುದು ನಮಗೆ ಸಂತೋಷದ ವಿಷಯ.

ಹೊರರೋಗಿ ಸೌಲಭ್ಯದಲ್ಲೂ ಒಂದು ವಿಶೇಷ ಕಂಡುಬರುತ್ತದೆ. ಕೆಲವರು ರೂಟ್ ಕೆನಾಲಿಗೆ ಕೊಡುತ್ತಾರೆ, ಕ್ಯಾಪ್ ಸೌಂದರ್ಯವರ್ಧಕವೆಂದು ಬಿಡುತ್ತಾರೆ. ಯಾವ ಹಲ್ಲಿನ ಸೌಂದರ್ಯ? ಕೆಳದವಡೆಯ ಮೊದಲ ದವಡೆಹಲ್ಲು ಆರರ ಹರೆಯದಲ್ಲಿ ಮೂಡುತ್ತದೆ, ಉಳಿದ ಕಾಯಂ ಹಲ್ಲುಗಳಿಗಿಂತ ಮುಂಚೆ ಕೆಲಸಕ್ಕೆ ಸೇರಿ ಮುಂಚೆ ಹುಳುಕಾಗುತ್ತದೆ. ಹೆಂಡತಿಯೂ ನೋಡಿರದ ಹಲ್ಲು ಅದು. ಅದರ ಬೇರುಗಳಲ್ಲಿ ಸಾಮಾನ್ಯವಾಗಿ ಮೂರು ನಾಳ, ಕೆಲವೊಮ್ಮೆ ನಾಲ್ಕು. ಕೊಳೆತ ತಿರುಳನ್ನು ಸಣ್ಣ ಫೈಲುಗಳಿಂದ ಕೆರೆದು, ತೊಳೆದು, ಗಟ್ಟಾಪರ್ಚಾ ತುಂಬಿಸುತ್ತಾರೆ. ಮಲಯದ ಕಾಡಿನ ಮರದ ಈ ಹಾಲನ್ನೇ ಹತ್ತೊಂಬತ್ತನೇ ಶತಮಾನದಲ್ಲಿ ಸಮುದ್ರದಡಿಯ ತಂತಿಗಳಿಗೆ ಹೊದೆಸುತ್ತಿದ್ದರು. ಬ್ರಿಟಿಷ್ ಸಾಮ್ರಾಜ್ಯದ ಗುಟ್ಟುಗಳನ್ನು ನೀರಿನಿಂದ ಕಾದ ವಸ್ತು ಈಗ ಬಂಟ್ವಾಳದ ದವಡೆಯಲ್ಲಿ ಕುಳಿತಿದೆ. ಇಷ್ಟು ಕೊರೆದ ಮೇಲೆ ಹಲ್ಲಿನ ಗೋಡೆ ತೆಳ್ಳಗಾಗಿ ಒಡೆಯುವ ಭಯ ಇರುವುದರಿಂದಲೇ ದವಡೆಹಲ್ಲಿಗೆ ಕ್ಯಾಪ್. ರೂಟ್ ಕೆನಾಲಿಗೆ ಕೊಟ್ಟು ಕ್ಯಾಪಿಗೆ ಕೊಡದಿರುವುದೆಂದರೆ ಮನೆಗೆ ಗೋಡೆ ಕಟ್ಟಿಸಿಕೊಟ್ಟು ಮಾಡು ಅಲಂಕಾರವೆಂದು ಬಿಟ್ಟಂತೆ, ಅದೂ ಆಟಿ ತಿಂಗಳಲ್ಲಿ.

ವಿದೇಶ ಶಾಖೆಗಳು

ಅಮೆರಿಕದಲ್ಲಿ ಹಲ್ಲಿಗೆ ಪ್ರತ್ಯೇಕ ವಿಮೆಯೇ ಉಂಟು. 1954ರಲ್ಲಿ ಪಶ್ಚಿಮ ಕರಾವಳಿಯ ಬಂದರು ಕಾರ್ಮಿಕರ ಸಂಘ ತಮ್ಮ ಮಕ್ಕಳ ಹಲ್ಲಿಗಾಗಿ ಇದನ್ನು ಪಡೆದುಕೊಂಡಿತು. ಅಲ್ಲಿಯ ರೂಢಿಯ ಸೂತ್ರ 100–80–50. ಸ್ವಚ್ಛಗೊಳಿಸಲು ಪೂರ್ತಿ, ತುಂಬಿಸಲು 80 ಶೇಕಡಾ, ಕ್ಯಾಪಿಗೆ ಅರ್ಧ. ರೂಟ್ ಕೆನಾಲನ್ನು 80ರಲ್ಲಿ ಇಡಬೇಕೋ 50ರಲ್ಲೋ ಎಂಬುದರಲ್ಲಿ ಕಂಪೆನಿಗಳಿಗೆ ಭಿನ್ನಮತವಿದೆ. ಎಲ್ಲದರ ಮೇಲೆ ವರ್ಷಕ್ಕೆ ಸಾಮಾನ್ಯವಾಗಿ ಒಂದೆರಡು ಸಾವಿರ ಡಾಲರಿನ ಮಿತಿ. ಒಂದು ಹಲ್ಲಿಗೆ ರೂಟ್ ಕೆನಾಲೂ ಕ್ಯಾಪೂ ಆಗುವಷ್ಟರಲ್ಲಿ ಅದು ಮುಗಿಯುತ್ತದೆ. ಪಾಲಿಸಿ ಕೊಳ್ಳುವ ಮೊದಲೇ ಬಿದ್ದುಹೋಗಿದ್ದ ಹಲ್ಲಿನ ಜಾಗಕ್ಕೆ ಬದಲಿ ಹಲ್ಲು ಕಟ್ಟಿಸಿದರೆ ಹಣವಿಲ್ಲ ಎಂಬ ಷರತ್ತೂ ಹಲವು ಪಾಲಿಸಿಗಳಲ್ಲಿ ಇರುತ್ತದೆ. ದಾನ ಬಂದ ಎತ್ತಿನ ಹಲ್ಲು ಎಣಿಸಬಾರದೆಂದು ನಮ್ಮವರು ಹೇಳಿದ್ದು. ಕಾಸು ಕೊಟ್ಟವನ ಹಲ್ಲನ್ನೇ ಎಣಿಸುವುದು ಅಲ್ಲಿಯ ಪದ್ಧತಿ. ಡಿಸೆಂಬರಿನಲ್ಲಿ ಊರಿಗೆ ಬರುವ ಸಾಗರೋತ್ತರ ಕನ್ನಡಿಗರು ದೇವಸ್ಥಾನಕ್ಕೆ ಹೋಗುವ ಮೊದಲು ಹಲ್ಲಿನ ಡಾಕ್ಟ್ರಲ್ಲಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವುದನ್ನು ಭಕ್ತಿಯ ಕುಸಿತವೆಂದು ತಿಳಿಯಬಾರದು. ಗಲ್ಫಿನಿಂದ ರಜೆಗೆ ಬರುವವರೂ ಇದೇ ಸಂಪ್ರದಾಯದವರು.

ಬ್ರಿಟನ್ನಿನಲ್ಲಿ 1951ರಲ್ಲಿ, ಅದುವರೆಗೆ ಉಚಿತವಾಗಿದ್ದ ಕಟ್ಟುಹಲ್ಲು, ಕನ್ನಡಕಗಳಿಗೆ ಸರಕಾರ ಶುಲ್ಕ ಹಾಕಿದಾಗ ಅನ್ಯೂರಿನ್ ಬೆವನ್ ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು. ಹಲ್ಲಿನ ಕಾರಣಕ್ಕೆ ನಮ್ಮಲ್ಲಿ ಯಾರೂ ರಾಜೀನಾಮೆ ಕೊಟ್ಟ ದಾಖಲೆ ಸಿಕ್ಕಿಲ್ಲ. ಹಲ್ಲು ಕಿರಿದದ್ದಕ್ಕೆ ಹೇರಳವಾಗಿ ಸಿಗುತ್ತದೆ.

ದಂತಭಾಗ್ಯ

ಕರ್ನಾಟಕ ಸರಕಾರ 2014ರ ಸುಮಾರಿಗೆ ದಂತಭಾಗ್ಯ ಯೋಜನೆ ತಂದಿತು. ಬಡತನ ರೇಖೆಯ ಕೆಳಗಿನ, ಹಲ್ಲೆಲ್ಲ ಹೋದ ಹಿರಿಯರಿಗೆ ಪೂರ್ತಿ ಕಟ್ಟುಹಲ್ಲಿನ ಸೆಟ್ಟು ಉಚಿತ. ಮೊದಲು 60 ದಾಟಿದವರಿಗೆ ಎಂದಿದ್ದದ್ದನ್ನು ಮುಂದೆ 45ಕ್ಕೆ ಇಳಿಸಿದರು. ಒಳ್ಳೆಯ ಯೋಜನೆ, ಉಣ್ಣಲಾಗದವರು ಉಂಡರು. ಆದರೆ ಶಾಸ್ತ್ರದೃಷ್ಟಿಯಿಂದ ಅದರ ತರ್ಕವನ್ನು ನೋಡಿ: ಒಂದು ಹಲ್ಲು ಉಳಿಸಿಕೊಳ್ಳಲು ಹೊರಟವನಿಗೆ ಯಾರ ಸಹಾಯವೂ ಇಲ್ಲ, ಎಲ್ಲವನ್ನೂ ಕಳಕೊಂಡವನಿಗೆ ಮೇಲಿನದ್ದೂ ಕೆಳಗಿನದ್ದೂ ಸಿಗುತ್ತದೆ. ನಮ್ಮ ಮಧ್ಯಮವರ್ಗದ ರೋಗಿ ಈ ಎರಡರ ನಡುವೆ ಕೂತು ವೈದ್ಯರನ್ನು ಕೇಳುತ್ತಾನೆ: "ಕಿತ್ತರೆ ಎಷ್ಟಾಗ್ತದೆ ಡಾಕ್ಟ್ರೆ?" ಉಳಿಸಲು ಸಾವಿರಗಳು, ಕೀಳಲು ನೂರುಗಳು. ಪಾಣೆಮಂಗಳೂರಿನಲ್ಲಿ ಎಷ್ಟೋ ಗಟ್ಟಿಮುಟ್ಟಾದ ಹಲ್ಲುಗಳು ಹೋದದ್ದು ಹುಳುಕಿನಿಂದಲ್ಲ, ಈ ಲೆಕ್ಕದಿಂದ.

ಸಿದ್ಧಾಂತ

ಈ ಸೀಮೆಗೆ ತಕ್ಕ ದಂತವಿಮೆ ಈಗಾಗಲೇ ಇದೆ, ಅದಕ್ಕೆ ಆ ಹೆಸರಿಲ್ಲ ಅಷ್ಟೆ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ತೆಗೆದುಕೊಂಡು ಹೋಗುತ್ತಿದ್ದರು. ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದು 2020ರ ಏಪ್ರಿಲ್ 1ರಂದು, ಆರೋಗ್ಯ ಸಂಜೀವಿನಿ ಜಾರಿಯಾದ ದಿನವೇ. ಇದರ ಗೂಢಾರ್ಥವನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇವೆ. ಪಿಗ್ಮಿಯ ಪದ್ಧತಿ ಸಹಕಾರಿ ಸಂಘಗಳಲ್ಲಿ ಇನ್ನೂ ನಡೆಯುತ್ತಿದೆ. ದಿನಕ್ಕೆ 30 ರೂಪಾಯಿ ಪಿಗ್ಮಿಗೆ ಹಾಕಿದವರ ಕೈಯಲ್ಲಿ ವರ್ಷದ ಕೊನೆಗೆ 10,950 ರೂಪಾಯಿ ಇರುತ್ತದೆ. ನಮ್ಮ ಪೇಟೆಯಲ್ಲಿ ಒಂದು ರೂಟ್ ಕೆನಾಲಿಗೂ ಸಾಧಾರಣ ಕ್ಯಾಪಿಗೂ ಅದು ಬಹುಮಟ್ಟಿಗೆ ಸಾಕು. ಹಾಸಿಗೆ ಎಷ್ಟಿತ್ತು, ಹಲ್ಲು ಮೊದಲೇ ಹಾಳಾಗಿತ್ತೋ, ಪೆಟ್ಟು ಹೊರಗಿನಿಂದ ಬಂತೋ ಎಂದು ಪಿಗ್ಮಿಯವರು ಕೇಳುವುದಿಲ್ಲ. ಹಲ್ಲು ನೋಯದಿದ್ದರೆ ದುಡ್ಡು ವಾಪಸು, ಬಡ್ಡಿ ಸ್ವಲ್ಪ ಸೇರಿ.

ಹಾಗೆಂದು ಆರೋಗ್ಯವಿಮೆಯನ್ನು ಬಿಡಬೇಡಿ. ಹೃದಯಕ್ಕೂ ಮೂತ್ರಪಿಂಡಕ್ಕೂ ಪಿಗ್ಮಿ ಸಾಲದು. ಹಲ್ಲಿಗೂ ಉಂಟೆಂದು ಹೇಳಿ ಯಾರಾದರೂ ಪಾಲಿಸಿ ಮಾರಲು ಬಂದರೆ ಮೂರು ಕೇಳಿ. ಹೊರರೋಗಿಯಾಗಿ ಮಾಡಿಸಿದ್ದಕ್ಕೂ ಉಂಟಾ? ಕ್ಯಾಪಿಗೆ ಬೇರೆ ಮಿತಿ ಎಷ್ಟು? ಕೊಂಡ ಎಷ್ಟು ತಿಂಗಳ ಮೇಲೆ? ಪಾಲಿಸಿಯ ಜೊತೆ ಗ್ರಾಹಕ ಮಾಹಿತಿ ಪತ್ರ ಎಂಬ ಸಣ್ಣ ಹಾಳೆ ಕೊಡಬೇಕು, ಕೇಳಿದರೆ ಅದನ್ನು ನಮ್ಮ ಭಾಷೆಯಲ್ಲೇ ಕೊಡಬೇಕು ಎಂಬ ನಿಯಮ 2024ರ ಜನವರಿಯಿಂದ ಜಾರಿಯಲ್ಲಿದೆ. ಓದಿ ಸರಿಬಾರದಿದ್ದರೆ ಪಾಲಿಸಿ ಕೈಸೇರಿದ 30 ದಿನದೊಳಗೆ ಹಿಂತಿರುಗಿಸಬಹುದು. ಕನ್ನಡದ ಹಾಳೆಯನ್ನು ಕೇಳಿ ಪಡೆಯಿರಿ, ಕಪಾಟಿಗೆ ಹಾಕುವ ಮೊದಲು ಓದಿ.